ಕೇಳುವ ಹಕ್ಕು, ಕಾಪಿಡುವ ಹೊಣೆ: ಕರ್ನಾಟಕ ಮಾಹಿತಿ ಆಯೋಗದ ಇಪ್ಪತ್ತು ವರ್ಷ (2005–2025)

ಕರ್ನಾಟಕ ಮಾಹಿತಿ ಆಯೋಗವು 2005ರ ಮಾಹಿತಿ ಹಕ್ಕು ಅಧಿನಿಯಮದ 15ನೆಯ ಕಲಮಿನಡಿ ರಚನೆಗೊಂಡ ಶಾಸನಬದ್ಧ ಸಂಸ್ಥೆ. ಅದು ಸರ್ಕಾರದ ಇಲಾಖೆಯೂ ಅಲ್ಲ, ಪೂರ್ಣಾರ್ಥದ ನ್ಯಾಯಾಲಯವೂ ಅಲ್ಲ. ಕಚೇರಿಯೊಂದು ತನ್ನಲ್ಲಿರುವ ಮಾಹಿತಿಯನ್ನು ಕೊಡದೆ ಹೋದಾಗ, ತಡ ಮಾಡಿದಾಗ ಅಥವಾ ಅರೆಬರೆಯಾಗಿ ಕೊಟ್ಟಾಗ ನಾಗರಿಕನ ದೂರನ್ನೂ ಎರಡನೆಯ ಮೇಲ್ಮನವಿಯನ್ನೂ ಆಲಿಸುವುದು, ಮಾಹಿತಿ ಕೊಡುವಂತೆ ಆದೇಶಿಸುವುದು, ಕಾರಣವಿಲ್ಲದೆ ತಡೆದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ದಂಡ ವಿಧಿಸುವುದು ಅದರ ಮುಖ್ಯ ಕೆಲಸ. ಈ ಎರಡು ದಶಕಗಳ ಚರಿತ್ರೆಯನ್ನು ಅರ್ಜಿ, ಆದೇಶ, ದಂಡಗಳ ಲೆಕ್ಕವಾಗಿ ಬರೆದು ಮುಗಿಸಬಹುದು. ಆದರೆ ಆ ಲೆಕ್ಕದಿಂದ ಆಯೋಗದ ನಿಜವಾದ ಸಾಧನೆಯೂ ತಿಳಿಯುವುದಿಲ್ಲ, ಅದರ ಮಿತಿಯೂ ತಿಳಿಯುವುದಿಲ್ಲ. ಕೇಳುವ ಹಕ್ಕಿನ ಬೆಲೆ ನಿಂತಿರುವುದು ದಾಖಲೆಯನ್ನು ಯಾರು, ಎಲ್ಲಿ, ಯಾವ ಸ್ಥಿತಿಯಲ್ಲಿ ಕಾಪಿಟ್ಟಿದ್ದಾರೆ ಎಂಬುದರ ಮೇಲೆ. ಇದನ್ನು ವಿಧಾನಸೌಧದ ಎದುರಿನಿಂದ ನೋಡುವುದಕ್ಕಿಂತ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಸನವಳ್ಳಿಯಂಥ ಊರಿನ ಕಡೆಯಿಂದ ನೋಡಿದರೆ ವಿಷಯ ಹೆಚ್ಚು ಸ್ಪಷ್ಟವಾಗುತ್ತದೆಯಾದ್ದರಿಂದ ಈ ಲೇಖನವು ಆಯೋಗದ ಬೆಳವಣಿಗೆಯನ್ನು ಹೇಳುತ್ತಲೇ ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ಸೀಮೆಯತ್ತ ಮತ್ತೆ ಮತ್ತೆ ತಿರುಗುತ್ತದೆ.

ಮೂರು ಆಡಳಿತಗಳ ದಫ್ತರು (1799ರಿಂದ)

ಶ್ರೀರಂಗಪಟ್ಟಣದ ಪತನದ ನಂತರ 1799ರಲ್ಲಿ ಕೆನರಾ ಜಿಲ್ಲೆಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಕಂದಾಯದ ವರದಿ ಸಿದ್ಧಪಡಿಸುವಾಗ ನೆಚ್ಚಿಕೊಂಡದ್ದು ಊರ ಶಾನಭೋಗರ ಹಳೆಯ ಲೆಕ್ಕಗಳನ್ನು. ಅಂದರೆ ಈ ಸೀಮೆಯಲ್ಲಿ ದಾಖಲೆ ಇಡುವ ಪದ್ಧತಿ ಬ್ರಿಟಿಷರಿಂದ ಆರಂಭವಾದದ್ದಲ್ಲ. ಅವರಿಂದ ಆರಂಭವಾದದ್ದು ದಾಖಲೆಯನ್ನು ಊರಿನಿಂದ ದೂರದ ಕಚೇರಿಗೆ ಒಯ್ಯುವ ಪದ್ಧತಿ. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು 1862ರಲ್ಲಿ ಬೊಂಬಾಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದೇ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಒಂದೂವರೆ ಶತಮಾನದಲ್ಲಿ ಮೂರು ಬಾರಿ ಯಜಮಾನಿಕೆ ಬದಲಾದ ಜಿಲ್ಲೆಯ ಕಾಗದಗಳು ಸಹಜವಾಗಿಯೇ ಮೂರು ದಿಕ್ಕಿಗೆ ಹಂಚಿಹೋದವು: ಮೊದಲ ಕಾಲದವು ಮದ್ರಾಸಿನಲ್ಲಿ, ನಡುವಿನ ಕಾಲದವು 1821ರಲ್ಲಿ ಆರಂಭವಾಗಿ ಮುಂದೆ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ನೆಲೆಸಿದ ಬೊಂಬಾಯಿ ಪತ್ರಾಗಾರದಲ್ಲಿ, ಮಿಕ್ಕವು ಕಾರವಾರದ ಜಿಲ್ಲಾ ಕಚೇರಿ ಮತ್ತು ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿ.

ಈ ಹಂಚಿಕೆಯ ಮೇಲೆ ಇನ್ನೊಂದು ಪದರು ಬಂದದ್ದು ಅಣೆಕಟ್ಟುಗಳ ಕಾಲದಲ್ಲಿ. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಪಟ್ಟಣವೇ ನೀರಿನಡಿಯಾಗಿ, ತಾಲ್ಲೂಕಿನ ಆಡಳಿತ ಜೊಯಿಡಾಕ್ಕೆ ಸರಿಯಿತು. ಮುಳುಗಿದ ಊರುಗಳ ಅನೇಕ ಕುಟುಂಬಗಳು ರಾಮನಗರದಲ್ಲಿ ನೆಲೆ ಕಂಡವು. ಮುಂಡಗೋಡದಲ್ಲಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಆರಂಭವಾಯಿತು. ಸನವಳ್ಳಿ, ಅತ್ತಿವೇರಿ, ಬಾಚಣಕಿಗಳ ಜಲಾಶಯಗಳು ತಾಲ್ಲೂಕಿನ ಬೇಸಾಯದ ನಕ್ಷೆಯನ್ನು ಬದಲಿಸಿದವು. ಇಂಥ ಒಂದೊಂದು ಕೆಲಸವೂ ಭೂಸ್ವಾಧೀನದ ಆದೇಶ, ಅರಣ್ಯಭೂಮಿ ಬಿಡುಗಡೆಯ ಪತ್ರ, ಅಳತೆಯ ನಕಾಶೆ, ಪರಿಹಾರದ ಪಟ್ಟಿ ಎಂದು ರಾಶಿ ಕಾಗದವನ್ನು ಹುಟ್ಟಿಸುತ್ತದೆ. ಆ ಕಾಗದದಲ್ಲಿ ಹೆಸರಿದ್ದವರಿಗೆ ಅದು ತಮ್ಮದೂ ಹೌದೆಂದು ಅಂದು ಯಾರೂ ಹೇಳಲಿಲ್ಲ. ರಾಜ್ಯ ಪತ್ರಾಗಾರ, ಅಂದರೆ ಆಡಳಿತದ ದೈನಂದಿನ ಬಳಕೆ ಮುಗಿದ ಶಾಶ್ವತ ಮೌಲ್ಯದ ದಾಖಲೆಗಳನ್ನು ಕಾಪಿಡುವ ಇಲಾಖೆ, ಸ್ಥಾಪನೆಯಾದದ್ದು 1973ರಲ್ಲಿ. ಆದರೆ ಅದರ ನೋಟವಿದ್ದದ್ದು ಇತಿಹಾಸ ಸಂಶೋಧಕರತ್ತ. ಪರಿಹಾರದ ಪಟ್ಟಿಯಲ್ಲಿ ತನ್ನ ಅಜ್ಜನ ಹೆಸರು ಹುಡುಕುವ ರೈತ ಅದರ ಎಣಿಕೆಯಲ್ಲಿರಲಿಲ್ಲ.

ಗುಟ್ಟಿನ ಕಾನೂನು, ಹಕ್ಕಿನ ತೀರ್ಪು (1923–2000)

ಸರ್ಕಾರಿ ದಾಖಲೆಯ ನಕಲು ಪಡೆಯುವ ಅವಕಾಶ ಹಿಂದೆಯೂ ಸ್ವಲ್ಪಮಟ್ಟಿಗೆ ಇತ್ತು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮವು ಸಾರ್ವಜನಿಕ ದಸ್ತಾವೇಜುಗಳನ್ನು ಪರಿಶೀಲಿಸಲು ಹಕ್ಕುಳ್ಳವರು ಶುಲ್ಕ ಕೊಟ್ಟು ದೃಢೀಕೃತ ನಕಲು ಪಡೆಯಬಹುದೆಂದು ಹೇಳಿತ್ತು. ಆದರೆ ಹಕ್ಕುಳ್ಳವರು ಯಾರೆಂದು ತೀರ್ಮಾನಿಸುವವರು ಕಚೇರಿಯವರೇ ಆಗಿದ್ದರಿಂದ ಆ ಅವಕಾಶ ದಾವೆಯ ಕಕ್ಷಿದಾರರನ್ನು ದಾಟಿ ಹೊರಗೆ ಬರಲಿಲ್ಲ. 1923ರ ಅಧಿಕೃತ ರಹಸ್ಯಗಳ ಅಧಿನಿಯಮವಂತೂ ಗೋಪ್ಯತೆಯನ್ನೇ ಆಡಳಿತದ ಶಿಸ್ತೆಂದು ಎಣಿಸುವ ಮನೋಧರ್ಮವನ್ನು ಬೆಳೆಸಿತು. ಕಾನೂನಿನ ಅಕ್ಷರಕ್ಕಿಂತ ಆ ಮನೋಧರ್ಮವೇ ತಾಲ್ಲೂಕು ಕಚೇರಿಯ ಕಟಕಟೆಯವರೆಗೂ ಇಳಿದದ್ದು.

ಸ್ವೀಡನ್ನಿನಲ್ಲಿ ಸರ್ಕಾರಿ ದಾಖಲೆಗಳನ್ನು ಜನರಿಗೆ ತೆರೆಯುವ ಶಾಸನ 1766ರಲ್ಲಿಯೇ ಬಂದಿತ್ತು; ಅಮೆರಿಕದ ಕಾನೂನು ಎರಡು ಶತಮಾನಗಳ ನಂತರ, 1966ರಲ್ಲಿ, ಬಂತು. ಭಾರತದಲ್ಲಿ ಈ ಹಕ್ಕು ಮೊದಲು ಕಾಣಿಸಿಕೊಂಡದ್ದು ನ್ಯಾಯಾಲಯದ ತೀರ್ಪುಗಳಲ್ಲಿ: 1975ರ ರಾಜ್ ನಾರಾಯಣ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಅವರು ಸಾರ್ವಜನಿಕ ಸೇವಕರು ಮಾಡುವ ಸಾರ್ವಜನಿಕ ಕೃತ್ಯಗಳನ್ನು ತಿಳಿಯುವ ಹಕ್ಕು ಜನರಿಗಿದೆ ಎಂದು ಕಂಡುಕೊಂಡರು. ತೀರ್ಪಿನ ಮಾತಿಗೆ ಊರಿನ ಶಕ್ತಿ ಬಂದದ್ದು ರಾಜಸ್ಥಾನದಿಂದ. 1990ರಲ್ಲಿ ರೂಪುಗೊಂಡ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು ಬರಗಾಲದ ಕಾಮಗಾರಿಗಳ ಹಾಜರಿಪಟ್ಟಿ, ಅಂದರೆ ಯಾರು ಎಷ್ಟು ದಿನ ದುಡಿದು ಎಷ್ಟು ಕೂಲಿ ಪಡೆದರೆಂಬ ಪಟ್ಟಿಯನ್ನು ಊರ ನಡುವೆ ಓದಿಸುವ ಜನಸುನವಾಯಿಗಳನ್ನು 1994ರಿಂದ ನಡೆಸಿತು. 1996ರ ಬ್ಯಾವರ್ ಧರಣಿಯ ಹೊತ್ತಿಗೆ ಸಂಘಟನೆಯ ಮುಂದಾಳು ಅರುಣಾ ರಾಯ್ ಮತ್ತು ಸಂಗಡಿಗರ ಮಾಹಿತಿ ಹಕ್ಕಿನ ಬೇಡಿಕೆ ದೇಶವ್ಯಾಪಿಯಾಯಿತು. ತಮಿಳುನಾಡು ಮತ್ತು ಗೋವಾ 1997ರಲ್ಲಿ ಕಾನೂನು ಮಾಡಿದವು. ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಅವರು 1994ರಲ್ಲಿ ಆರಂಭಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್ ನಗರದ ಸೇವಾಸಂಸ್ಥೆಗಳಿಗೆ ನಾಗರಿಕರಿಂದಲೇ ಅಂಕ ಕೊಡಿಸುವ ವರದಿಗಳ ಮೂಲಕ ಬೇರೊಂದು ದಾರಿಯಿಂದ ಇದೇ ಗುರಿಯತ್ತ ಸಾಗಿತ್ತು. ಊರಿನ ಹಾಜರಿಪಟ್ಟಿ ಮತ್ತು ನಗರದ ಅಂಕಪಟ್ಟಿ, ಎರಡೂ ಕರ್ನಾಟಕದ ಮುಂದಿನ ಕಾನೂನಿಗೆ ನೆಲ ಹದಮಾಡಿದವು ಎನ್ನಬೇಕು.

ಕರ್ನಾಟಕದ್ದೇ ಆದ ಕಾನೂನು (2000–2005)

ಎಸ್.ಎಂ. ಕೃಷ್ಣ ಅವರ ಸರ್ಕಾರದ ಕಾಲದಲ್ಲಿ ಪಾರದರ್ಶಕತೆಗೆ ಸಂಬಂಧಿಸಿದ ಮೂರು ಕೆಲಸಗಳು ಹೆಚ್ಚುಕಡಿಮೆ ಒಟ್ಟಿಗೆ ನಡೆದವು. ಸರ್ಕಾರಿ ಖರೀದಿ ಮತ್ತು ಗುತ್ತಿಗೆಗಳಲ್ಲಿ ಬಹಿರಂಗ ಟೆಂಡರನ್ನು ಕಡ್ಡಾಯಗೊಳಿಸಿದ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಒಂದು. ಕರ್ನಾಟಕ ಮಾಹಿತಿ ಹಕ್ಕು ಅಧಿನಿಯಮ, 2000 ಎರಡನೆಯದು. ಪಹಣಿಗಳ ಗಣಕೀಕರಣದ ‘ಭೂಮಿ’ ಯೋಜನೆ ಮೂರನೆಯದು.

ಇವುಗಳಲ್ಲಿ ಹಳ್ಳಿಯ ಮನೆ ಮನೆಗೆ ಮುಟ್ಟಿದ್ದು ಭೂಮಿ. ಜಮೀನಿನ ಒಡೆತನ, ಸಾಗುವಳಿ, ಬೆಳೆ, ಸಾಲದ ವಿವರಗಳನ್ನು ಒಳಗೊಂಡ, ಉತ್ತರ ಕರ್ನಾಟಕದ ಜನ ಉತಾರವೆಂದು ಕರೆಯುವ ಪಹಣಿಯು ಅಲ್ಲಿಯವರೆಗೆ ರಾಜ್ಯದ ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಚೀಲದಲ್ಲಿ ಓಡಾಡುತ್ತಿತ್ತು. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಯಾರು ಬೇಕಾದರೂ ಪ್ರತಿ ಪಡೆಯುವಂತೆ ಮಾಡಲಾಯಿತು. ಮುಂಡಗೋಡದ ರೈತ ಗ್ರಾಮ ಲೆಕ್ಕಿಗನ ಮರ್ಜಿ ಕಾಯದೆ ಉತಾರ ಕೈಗೆತ್ತಿಕೊಂಡದ್ದು ಆಗಲೇ. ಆದರೂ ಗಣಕಕ್ಕೆ ಏರಿದ್ದು ಚಾಲ್ತಿಯ ಪಹಣಿ. ಅದರ ಹಿಂದಿನ ಹಕ್ಕು ಬದಲಾವಣೆಯ ವಹಿ, ಅಳತೆಯ ಮೂಲ ಪುಸ್ತಕ, ಹಳೆಯ ನಕಾಶೆಗಳು ಕಪಾಟಿನಲ್ಲಿಯೇ ಉಳಿದುದರಿಂದ ತಪ್ಪು ನಮೂದಾದ ಪಹಣಿಯನ್ನು ತಿದ್ದಿಸಿಕೊಳ್ಳಲು ರೈತ ಮತ್ತೆ ದಾಖಲೆ ಕೊಠಡಿಯ ಬಾಗಿಲಿಗೇ ಬರಬೇಕಾಯಿತು.

2000ದ ರಾಜ್ಯ ಕಾನೂನಿಗೆ ನಿಯಮಗಳು ಬಂದು ಅದು ಬಳಕೆಗೆ ಸಿಕ್ಕಿದ್ದು 2002ರಲ್ಲಿ. ಕಚೇರಿಗೊಬ್ಬ ಸಕ್ಷಮ ಅಧಿಕಾರಿ, ಅವನ ಮೇಲೊಂದು ಮೇಲ್ಮನವಿ, ಅದರಾಚೆ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಎರಡನೆಯ ಮೇಲ್ಮನವಿ ಎಂಬುದು ಅದರ ಏರ್ಪಾಡು. ಭೂ ಮತ್ತು ತೆರಿಗೆ ವ್ಯಾಜ್ಯಗಳ ಹೊರೆ ಹೊತ್ತಿದ್ದ ನ್ಯಾಯಾಧಿಕರಣಕ್ಕೆ ಇದು ಒಂದು ಹೆಚ್ಚಿನ ಕೆಲಸವಾಯಿತೇ ವಿನಾ ಸ್ವಂತ ಕೆಲಸವಾಗಲಿಲ್ಲ. ಮಾಹಿತಿಗಾಗಿಯೇ ಮೀಸಲಾದ ಪ್ರತ್ಯೇಕ ಸಂಸ್ಥೆ ಬೇಕೆಂಬ ಪಾಠವನ್ನು ಕರ್ನಾಟಕ ಕಲಿತದ್ದು ಈ ಮೂರು ವರ್ಷಗಳ ಪ್ರಯೋಗದಿಂದ. ಕಾನೂನಿನ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನೇ ತನ್ನ ಹೆಸರಿಗೆ ತೆಗೆದುಕೊಂಡ ಬೆಂಗಳೂರಿನ ‘ಕ್ರಿಯಾ ಕಟ್ಟೆ’ಯಂಥ ನಾಗರಿಕ ಬಳಗಗಳು ಅರ್ಜಿ ಬರೆಯುವುದನ್ನು ಜನರಿಗೆ ಕಲಿಸಿದವು, ಮುಂದೆ ಆಯೋಗದ ಅತಿ ನಿಷ್ಠ ಬೆಂಬಲಿಗರೂ ಅತಿ ಕಟುವಾದ ವಿಮರ್ಶಕರೂ ಇಂಥ ಬಳಗಗಳಿಂದಲೇ ಬಂದರು.

ಸ್ಥಾಪನೆ ಮತ್ತು ಮೊದಲ ವರ್ಷಗಳು (2005–2008)

ಸಂಸತ್ತು ಒಪ್ಪಿದ ಮಾಹಿತಿ ಹಕ್ಕು ವಿಧೇಯಕಕ್ಕೆ 2005ರ ಜೂನ್ 15ರಂದು ರಾಷ್ಟ್ರಪತಿಗಳ ಅಂಕಿತ ದೊರೆತು, ಅಕ್ಟೋಬರ್ 12ರಿಂದ ಕಾನೂನು ಪೂರ್ಣವಾಗಿ ಜಾರಿಗೆ ಬಂತು. ಅಂಕಿತ ದೊರೆತ 100 ದಿನಗಳೊಳಗೆ ಪ್ರತಿ ಕಚೇರಿಯೂ ಮಾಹಿತಿ ಅಧಿಕಾರಿಯನ್ನು ನೇಮಿಸಬೇಕಿತ್ತು. 4(1)(ಬಿ) ಕಲಮಿನಂತೆ 120 ದಿನಗಳೊಳಗೆ ತನ್ನ ರಚನೆ, ಅಧಿಕಾರ, ಆಯವ್ಯಯ, ಫಲಾನುಭವಿಗಳ ವಿವರಗಳೇ ಮೊದಲಾದ 17 ಬಾಬತ್ತುಗಳನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕಿತ್ತು. ಆಯೋಗದ ನೇಮಕಕ್ಕೆ ಮುಖ್ಯಮಂತ್ರಿ, ವಿರೋಧ ಪಕ್ಷದ ನಾಯಕ ಮತ್ತು ಒಬ್ಬ ಸಚಿವರ ಸಮಿತಿಯ ಶಿಫಾರಸು, ರಾಜ್ಯಪಾಲರ ಆದೇಶ ಅಗತ್ಯ. ಆಗ ರಾಜ್ಯಪಾಲರಾಗಿದ್ದ ಟಿ.ಎನ್. ಚತುರ್ವೇದಿ ಅವರು ಹಿಂದೆ ದೇಶದ ಮಹಾಲೇಖಪಾಲರಾಗಿ ಸರ್ಕಾರದ ಲೆಕ್ಕಗಳನ್ನು ಜಾಲಾಡಿದವರೆಂಬುದು ಕಾಕತಾಳೀಯವಾದರೂ ಉಚಿತವಾದ ಸಂಗತಿ. ರಾಜ್ಯದ ಮುಖ್ಯ ಕಾರ್ಯದರ್ಶಿಯಾಗಿದ್ದ ಕೆ.ಕೆ. ಮಿಶ್ರಾ ಅವರು ಮೊದಲ ರಾಜ್ಯ ಮುಖ್ಯ ಮಾಹಿತಿ ಆಯುಕ್ತರಾದರು.

ಆಡಳಿತದ ತುದಿಯಲ್ಲಿದ್ದವರೇ ಆಡಳಿತವನ್ನು ಪ್ರಶ್ನಿಸುವ ಸಂಸ್ಥೆಯ ಚುಕ್ಕಾಣಿ ಹಿಡಿಯುವುದು ಸರಿಯೇ ಎಂಬ ಚರ್ಚೆ ಅಂದೂ ಇತ್ತು, ಇಂದೂ ಇದೆ. ಕಡತ ಎಲ್ಲಿ ಅಡಗಿರುತ್ತದೆಂಬುದನ್ನು ಬಲ್ಲವರು ಅದನ್ನು ಹೊರತರಿಸಲೂ ಬಲ್ಲರು ಎಂಬ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ಆರಂಭದ ವರ್ಷಗಳಲ್ಲಿ ಇಲಾಖೆಗಳು ಆಯೋಗದ ಸಮನ್ಸಿಗೆ ಓಗೊಡುವುದನ್ನು ರೂಢಿಸಿಕೊಂಡದ್ದರಲ್ಲಿ ಆ ಅನುಭವದ ಪಾಲಿದೆ. ಆದರೆ ಕಾನೂನು, ಪತ್ರಿಕೋದ್ಯಮ, ಸಮಾಜಸೇವೆ, ವಿಜ್ಞಾನ ಮುಂತಾದ ಕ್ಷೇತ್ರಗಳವರನ್ನೂ ಆಯುಕ್ತರಾಗಿ ನೇಮಿಸಬಹುದೆಂದು ಅಧಿನಿಯಮವೇ ಹೇಳಿರುವುದರಿಂದ ನಿವೃತ್ತ ಅಧಿಕಾರಿಗಳ ಕಡೆಗೆ ವಾಲುವ ಒಲವು ಕಾನೂನಿನ ಆಶಯಕ್ಕೆ ಸಲ್ಲುವುದಿಲ್ಲ. ಮುಂದಿನ ವರ್ಷಗಳಲ್ಲಿ ಪತ್ರಕರ್ತರೂ ವಕೀಲರೂ ಪೀಠಕ್ಕೆ ಬಂದು ಈ ವಾಲುವಿಕೆ ಕೆಲಮಟ್ಟಿಗೆ ಸರಿಹೋಯಿತು.

ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ ಎಂಬ ಶುಲ್ಕ, ಬಡತನ ರೇಖೆಗಿಂತ ಕೆಳಗಿರುವವರಿಗೆ ವಿನಾಯಿತಿ, ಮೂವತ್ತು ದಿನಗಳ ಗಡುವು, ಜೀವ ಮತ್ತು ಸ್ವಾತಂತ್ರ್ಯದ ಪ್ರಶ್ನೆಯಿದ್ದರೆ 48 ಗಂಟೆ: ಈ ಸರಳ ಅಂಶಗಳು ಜನರ ಬಾಯಲ್ಲಿ ಬೇಗನೆ ನೆಲೆಯಾದವು. ಅರ್ಜಿಯನ್ನು ಆಯಾ ಪ್ರದೇಶದ ರಾಜಭಾಷೆಯಲ್ಲಿ ಸಲ್ಲಿಸಬಹುದೆಂಬ ಅವಕಾಶ ಇನ್ನೂ ದೊಡ್ಡದು. 1963ರ ಕರ್ನಾಟಕ ರಾಜಭಾಷಾ ಅಧಿನಿಯಮದ ನಂತರವೂ ಕಡತದೊಳಗಿನ ಟಿಪ್ಪಣಿ ಇಂಗ್ಲಿಷಿನಲ್ಲಿ ಓಡುತ್ತಿದ್ದ ಕಚೇರಿಗಳಿಗೆ ಕನ್ನಡದಲ್ಲಿ ಬಂದ ಪ್ರಶ್ನೆಗೆ ಕನ್ನಡದಲ್ಲೇ ಉತ್ತರಿಸುವ ಹೊಣೆ ಬಿತ್ತು. ಆಡಳಿತ ಕನ್ನಡಕ್ಕೆ ಆಯೋಗ ಮಾಡಿದ ಈ ಪರೋಕ್ಷ ಸೇವೆಯನ್ನು ಗುರುತಿಸಿದವರು ಕಡಿಮೆ.

ನಿಯಮಗಳ ಬಿಗಿ, ನ್ಯಾಯಾಲಯಗಳ ತಿದ್ದುಗೆ (2008–2013)

ಅರ್ಜಿಗಳು ಏರಿದಂತೆ ಆಡಳಿತದ ಕಡೆಯಿಂದ ಬಿಗಿಯೂ ಬಂತು. 2008ರ ತಿದ್ದುಪಡಿ ನಿಯಮಗಳು ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು ಎಂದವು. ಗೊಂದಲದ ಅರ್ಜಿಗಳನ್ನು ತಡೆಯುವುದು ಇದರ ಉದ್ದೇಶವೆನ್ನಲಾಯಿತು. ಆದರೆ ಮಾತು ಚುಟುಕಾಗಿಸುವ ಕಲೆ ಓದುಬಲ್ಲವರಿಗೆ ಸುಲಭ, ಹಳ್ಳಿಗನಿಗೆ ಕಷ್ಟ. ತನ್ನ ಕಷ್ಟದ ಪೂರ್ವಾಪರವನ್ನೆಲ್ಲ ಬರೆದು ಕೊನೆಯ ಸಾಲಿನಲ್ಲಿ ದಾಖಲೆ ಕೇಳುವ ಗ್ರಾಮೀಣ ಅರ್ಜಿದಾರನಿಗೆ ತಿರಸ್ಕಾರದ ಹಿಂಬರಹ ಕೊಡಲು ಈ ನಿಯಮ ಒಂದು ಸುಲಭ ನೆಪವಾಯಿತು.

ಇದೇ ಕಾಲದಲ್ಲಿ ಸುಪ್ರೀಂ ಕೋರ್ಟು ಹಕ್ಕಿನ ಎಲ್ಲೆಗಳನ್ನು ಗುರುತಿಸಿತು. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿಯೂ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಅವರು 2011ರಲ್ಲಿ ಬರೆದ ತೀರ್ಪು ವಿದ್ಯಾರ್ಥಿಗಳಿಗೆ ತಮ್ಮ ಉತ್ತರಪತ್ರಿಕೆ ನೋಡುವ ಹಕ್ಕನ್ನು ಎತ್ತಿಹಿಡಿಯಿತು. ಅದೇ ತೀರ್ಪು, ಕಚೇರಿಯಲ್ಲಿ ಇರುವ ಮಾಹಿತಿಯನ್ನಷ್ಟೇ ಕೊಡಬೇಕಾಗುತ್ತದೆ, ಇಲ್ಲದ್ದನ್ನು ಹೊಸದಾಗಿ ಸಂಗ್ರಹಿಸಿ ಸಿದ್ಧಪಡಿಸಬೇಕಿಲ್ಲ ಎಂದೂ ಸ್ಪಷ್ಟಪಡಿಸಿತು. ಆಯೋಗದ ಚರಿತ್ರೆಯನ್ನು ದಾಖಲೆ ಕೊಠಡಿಯ ಚರಿತ್ರೆಯೊಂದಿಗೆ ಸೇರಿಸಿ ಓದಬೇಕಾದ ಕಾರಣ ಇಲ್ಲಿದೆ: ಕಾಪಿಡದ ಕಚೇರಿಯ ಮುಂದೆ ಹಕ್ಕು ಕೈಚೆಲ್ಲುತ್ತದೆ.

ಆಯೋಗವೂ ಕೆಲವೊಮ್ಮೆ ತನ್ನ ಎಲ್ಲೆಯನ್ನು ಹುಡುಕಿಕೊಳ್ಳಬೇಕಾಯಿತು. ಹೈಕೋರ್ಟಿನ ಆಡಳಿತಕ್ಕೆ ಸಂಬಂಧಿಸಿದ ಮಾಹಿತಿಯೊಂದನ್ನು ಕೊಡುವಂತೆ ತಾನಿತ್ತ ಆದೇಶ ಹೈಕೋರ್ಟಿನಲ್ಲಿ ರದ್ದಾದಾಗ ಆಯೋಗವೇ ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಜನವರಿಯಲ್ಲಿ ಆ ಮನವಿ ಒಂದು ಲಕ್ಷ ರೂಪಾಯಿ ವೆಚ್ಚದೊಂದಿಗೆ ವಜಾ ಆಯಿತು. ತೀರ್ಪು ಕೊಡುವ ಸಂಸ್ಥೆ ತನ್ನ ತೀರ್ಪಿನ ಪರವಾಗಿ ತಾನೇ ಕಕ್ಷಿಯಾಗಬಾರದೆಂಬ ಪಾಠ ದುಬಾರಿಯಾದರೂ ಉಪಯುಕ್ತವೇ ಆಗಿತ್ತು. ಅದನ್ನು ಮುಜುಗರದ ಪ್ರಸಂಗವೆನ್ನುವುದಕ್ಕಿಂತ ಎಳೆಯ ಸಂಸ್ಥೆಯೊಂದರ ಅತಿ ಉತ್ಸಾಹವೆಂದು ಬಗೆಯುವುದು ನ್ಯಾಯ.

ಈ ಅವಧಿಯ ಇನ್ನೆರಡು ಸಂಗತಿಗಳು ಆಯೋಗದ ಹೊರಗೆ ನಡೆದರೂ ಅದರ ಕೆಲಸಕ್ಕೆ ಆಸರೆಯಾದವು. ಸರ್ಕಾರಿ ಸೇವೆಗಳಿಗೆ ಕಾಲಮಿತಿ ಗೊತ್ತುಮಾಡಿದ ‘ಸಕಾಲ’ 2012ರ ಏಪ್ರಿಲ್ 2ರಂದು ರಾಜ್ಯಾದ್ಯಂತ ಜಾರಿಗೆ ಬಂದ ಮೇಲೆ, ಅರ್ಜಿ ಎಲ್ಲಿಗೆ ಬಂತೆಂದು ತಿಳಿಯುವುದಕ್ಕೇ ಮಾಹಿತಿ ಹಕ್ಕಿನ ಮೊರೆ ಹೋಗುವ ಪಾಡು ಸ್ವಲ್ಪ ತಪ್ಪಿತು. ಎರಡನೆಯದು 2010ರ ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಅಧಿನಿಯಮ. ದಾಖಲೆಯನ್ನು ಕಳೆಯುವುದು, ಅಕ್ರಮವಾಗಿ ನಾಶಮಾಡುವುದು ಶಿಕ್ಷಾರ್ಹವೆಂದು ಹೇಳಿದ ಈ ಕಾನೂನು ಆಯೋಗದ ಕೈಗೆ ಒಂದು ಒಳ್ಳೆಯ ಆಯುಧ ಕೊಟ್ಟಿತು. ‘ಕಡತ ಲಭ್ಯವಿಲ್ಲ’ ಎಂಬ ಒಂದು ಸಾಲಿನ ಹಿಂಬರಹ ಅಲ್ಲಿಯವರೆಗೆ ಎಲ್ಲ ಪ್ರಶ್ನೆಗಳಿಗೂ ಪೂರ್ಣವಿರಾಮವಾಗಿತ್ತು. ಮಾಹಿತಿ ಹಕ್ಕು ಅಧಿನಿಯಮದ 8ನೆಯ ಕಲಮಿನ ವಿನಾಯಿತಿಗಳಲ್ಲಿ ಕಡತ ಕಾಣೆಯಾಗುವುದು ಸೇರಿಲ್ಲ. ದೆಹಲಿ ಹೈಕೋರ್ಟು 2013ರಲ್ಲಿ ಇಂಥ ಸಂದರ್ಭದಲ್ಲಿ ಕೂಲಂಕಷ ಹುಡುಕಾಟವೂ ಹೊಣೆಗಾರಿಕೆಯ ವಿಚಾರಣೆಯೂ ಆಗಲೇಬೇಕೆಂದಿತು. ಕಾಣೆಯಾದ ಕಡತಗಳ ಬಗ್ಗೆ ಪೊಲೀಸರಿಗೆ ದೂರು ಕೊಡುವಂತೆ ಆಯೋಗ ಆದೇಶಿಸತೊಡಗಿದ ಮೇಲೆ, ಲಭ್ಯವಿಲ್ಲವೆನ್ನುವ ಮೊದಲು ಕಪಾಟು ತೆರೆದು ನೋಡುವ ಪದ್ಧತಿ ಶುರುವಾಯಿತು.

ಕಾಡಂಚಿನ ತಾಲ್ಲೂಕುಗಳ ಪ್ರಶ್ನೆ

ಉತ್ತರ ಕನ್ನಡದ ಐದರಲ್ಲಿ ನಾಲ್ಕು ಪಾಲಿನಷ್ಟು ನೆಲ ಅರಣ್ಯ. ಮಲೆನಾಡು ಮುಗಿದು ಬಯಲು ಆರಂಭವಾಗುವ ಮುಂಡಗೋಡ, ಹಳಿಯಾಳಗಳಲ್ಲಿ ಗದ್ದೆಗೂ ಕಾಡಿಗೂ ನಡುವೆ ಇರುವುದು ಬಹಳ ಕಡೆ ಒಂದು ಗೆರೆ ಮಾತ್ರ; ಆ ಗೆರೆ ಎಲ್ಲಿದೆಯೆಂದು ಹೇಳುವ ನಕಾಶೆಗಳು ಕಂದಾಯ ಇಲಾಖೆಯಲ್ಲಿ ಒಂದು ಬಗೆ, ಅರಣ್ಯ ಇಲಾಖೆಯಲ್ಲಿ ಇನ್ನೊಂದು ಬಗೆ ಇದ್ದಾಗ ನಡುವಿನ ನೆಲದಲ್ಲಿ ಉಳುವವನು ಅತಿಕ್ರಮಣದಾರನಾಗುತ್ತಾನೆ. ಈ ಅನ್ಯಾಯವನ್ನು ಸರಿಪಡಿಸಲೆಂದು ಬಂದ ಅರಣ್ಯ ಹಕ್ಕುಗಳ ಮಾನ್ಯತೆಯ ಅಧಿನಿಯಮ, 2006, ಅದರ ನಿಯಮಗಳೊಂದಿಗೆ 2008ರಿಂದ ಬಳಕೆಗೆ ಬಂತು. ಅನುಸೂಚಿತ ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿದ್ದರೆಂದು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಾಂಕಕ್ಕೆ ಹಿಂದೆ ಮೂರು ತಲೆಮಾರು, ತಲೆಮಾರಿಗೆ 25 ವರ್ಷದಂತೆ 75 ವರ್ಷ, ಅರಣ್ಯವನ್ನು ಅವಲಂಬಿಸಿ ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು.

ಈ ಒಂದು ಷರತ್ತು ಒಂದೇ ಕಾಡಿನ ಅಕ್ಕಪಕ್ಕದವರನ್ನು ಎರಡು ಪಂಗಡ ಮಾಡಿತು. ಮುಂಡಗೋಡ, ಹಳಿಯಾಳ, ಯಲ್ಲಾಪುರಗಳ ಸಿದ್ದಿಗಳು 2003ರಲ್ಲಿ ಅನುಸೂಚಿತ ಬುಡಕಟ್ಟಿನ ಪಟ್ಟಿಗೆ ಸೇರಿದ್ದರಿಂದ ಅವರ ಹಾದಿ ತುಸು ಹಗುರವಾಯಿತು. ಅದೇ ಕಾಡಿನಲ್ಲಿ ಎಮ್ಮೆ ಕಟ್ಟಿ ಬದುಕುವ ದನಗರ ಗೌಳಿಗಳು ಪಟ್ಟಿಯಲ್ಲಿಲ್ಲದ ಕಾರಣ ಅವರೂ, ಇತರ ಸಣ್ಣ ಸಾಗುವಳಿದಾರರೂ 1930ಕ್ಕೆ ಹಿಂದಿನ ಕುರುಹನ್ನು ಹುಡುಕಬೇಕಾಯಿತು. ಮೇವು ಅರಸಿ ನೆಲೆ ಬದಲಿಸಿದವರ ಹೆಸರು ಯಾವ ಕಂದಾಯದ ವಹಿಯಲ್ಲಿ ಸಿಕ್ಕೀತು? ನಿಯಮಗಳು ಗೆಜೆಟಿಯರ್, ಜನಗಣತಿ, ಅಳತೆ ಮತ್ತು ಜಮಾಬಂದಿ ವರದಿ, ಅರಣ್ಯದ ಕಾರ್ಯಯೋಜನೆ, ನಕಾಶೆ ಮುಂತಾದ ಸರ್ಕಾರಿ ದಾಖಲೆಗಳನ್ನೂ ಊರ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವಾಗಿ ಒಪ್ಪುತ್ತವೆ. ಆದರೆ 1930 ಎಂದರೆ ಬೊಂಬಾಯಿ ಪ್ರಾಂತದ ಕಾಲ. ಸಾಕ್ಷ್ಯವನ್ನು ಕೇಳುವುದೂ ಸರ್ಕಾರ, ಆ ಸಾಕ್ಷ್ಯವನ್ನು ಬೀಗದೊಳಗೆ ಇಟ್ಟುಕೊಂಡಿರುವುದೂ ಸರ್ಕಾರ. ಈ ವಿಪರ್ಯಾಸವನ್ನು ಬಿಡಿಸಲು ಸಾಮಾನ್ಯನ ಕೈಗೆ ಸಿಗುವ ಕೀಲಿ ಹತ್ತು ರೂಪಾಯಿಯ ಅರ್ಜಿಯೊಂದೇ. 8(3)ನೆಯ ಕಲಮಿನಂತೆ ಇಪ್ಪತ್ತು ವರ್ಷ ಹಳೆಯ ಸಂಗತಿಗಳ ಮಾಹಿತಿಗೆ ಕೆಲವೇ ವಿನಾಯಿತಿಗಳ ಹೊರತು ಬೇರೆ ತಡೆ ಇಲ್ಲದಿರುವುದರಿಂದ ಕಾನೂನು ಇಲ್ಲಿ ಪೂರ್ತಿಯಾಗಿ ಅರ್ಜಿದಾರನ ಪರವಾಗಿದೆ. ಇಲ್ಲದಿರುವುದು ಸೂಚಿ: ಯಾವ ಗಂಟಿನಲ್ಲಿ ಯಾವ ಊರಿನ ಯಾವ ವರ್ಷದ ಕಾಗದವಿದೆ ಎಂಬ ಪಟ್ಟಿ.

ಆ ಪಟ್ಟಿ ಮಾಡಿಡುವುದು ಯಾರ ಔದಾರ್ಯವೂ ಅಲ್ಲ. ದಾಖಲೆಗಳನ್ನು ಪಟ್ಟಿಮಾಡಿ, ಸೂಚೀಕರಿಸಿ, ಸಾಧ್ಯವಾದಷ್ಟು ಗಣಕೀಕರಿಸಬೇಕೆಂದು ಅಧಿನಿಯಮದ 4(1)(ಎ) ಕಲಮು 2005ರಿಂದಲೇ ಹೇಳುತ್ತಿದೆ. 17 ಬಾಬತ್ತುಗಳ 4(1)(ಬಿ) ಎಲ್ಲರಿಗೂ ಗೊತ್ತು, ವರ್ಷಕ್ಕೊಮ್ಮೆಯಾದರೂ ಅದರ ಹೊತ್ತಗೆ ಸಿದ್ಧವಾಗುತ್ತದೆ. ಅದರ ಮೇಲಿನ ಸಾಲಿನಲ್ಲಿರುವ (ಎ) ಮಾತ್ರ ಅನಾಥ. ಆಯೋಗದ ಇಪ್ಪತ್ತು ವರ್ಷಗಳಲ್ಲಿ ಅತ್ಯಂತ ಕಡಿಮೆ ಜಾರಿಯಾದ ಭಾಗವೂ, ಸನವಳ್ಳಿಯಂಥ ಊರುಗಳಿಗೆ ಅತ್ಯಂತ ಹೆಚ್ಚು ಬೇಕಾದ ಭಾಗವೂ ಇದೇ.

ದಾಂಡೇಲಿಯಂಥ ಕೈಗಾರಿಕಾ ಪಟ್ಟಣದಲ್ಲಿ ಕಾನೂನಿನ ಇನ್ನೊಂದು ಮಗ್ಗುಲು ಕಾಣುತ್ತದೆ. ಖಾಸಗಿ ಕಾರ್ಖಾನೆ ನೇರವಾಗಿ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಅದರ ಬಗ್ಗೆ ಸರ್ಕಾರಿ ಪ್ರಾಧಿಕಾರವೊಂದು ಕಾನೂನಿನನ್ವಯ ಪಡೆಯಬಹುದಾದ ಮಾಹಿತಿ ಅಧಿನಿಯಮದ 2(ಎಫ್) ವ್ಯಾಖ್ಯೆಗೆ ಸೇರುವುದರಿಂದ ನದಿನೀರಿನ ಪರೀಕ್ಷೆಯ ಫಲಿತಾಂಶವನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಮೂಲಕ ಕೇಳಬಹುದು. ಗ್ರಾಮ ಪಂಚಾಯತಿಯ ಮಟ್ಟದಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮದ ಗ್ರಾಮಸಭೆ, ವರ್ಷಕ್ಕೊಮ್ಮೆ ಲೆಕ್ಕಪತ್ರವನ್ನು ಊರಿಗೆ ಒಪ್ಪಿಸುವ ಜಮಾಬಂದಿ, ಉದ್ಯೋಗ ಖಾತರಿ ಕಾಮಗಾರಿಗಳ ಸಾಮಾಜಿಕ ಲೆಕ್ಕಪರಿಶೋಧನೆ, ಇವು ಅರ್ಜಿಯಿಲ್ಲದೆಯೇ ಕಾಗದ ನೋಡುವ ಅವಕಾಶಗಳು. ಇವು ಸರಿಯಾಗಿ ನಡೆದ ಪಂಚಾಯತಿಯ ಮೇಲೆ ಆಯೋಗಕ್ಕೆ ಮೇಲ್ಮನವಿ ಹೋಗುವ ಅಗತ್ಯವೇ ಬೀಳುವುದಿಲ್ಲ.

ಕಟ್ಟಡ ಮತ್ತು ಪೀಠಗಳು

ಆಯೋಗವು ಬೆಂಗಳೂರಿನ ಡಾ. ಅಂಬೇಡ್ಕರ್ ವೀಧಿಯ ಬಹುಮಹಡಿ ಕಟ್ಟಡದಲ್ಲಿ, ಸರ್ಕಾರದ ಹತ್ತಾರು ಕಚೇರಿಗಳ ನಡುವೆ ಒಂದಾಗಿ, ಬಹುಕಾಲ ಕೆಲಸ ಮಾಡಿತು. ವಿಚಾರಣೆಗೆ ಬಂದ ಅರ್ಜಿದಾರನೂ ಮಾಹಿತಿ ಅಧಿಕಾರಿಯೂ ಒಂದೇ ಮೊಗಸಾಲೆಯಲ್ಲಿ ಕಾಯಬೇಕಾದ ಇಕ್ಕಟ್ಟು ಅಲ್ಲಿತ್ತು. ಮುಂದೆ ದೇವರಾಜ ಅರಸು ರಸ್ತೆಯಲ್ಲಿ, ವಿಧಾನಸೌಧದ ಪಶ್ಚಿಮ ದ್ವಾರದ ಎದುರು, ‘ಮಾಹಿತಿ ಸೌಧ’ ಆಯೋಗದ ಸ್ವಂತ ನೆಲೆಯಾಯಿತು. ಪೀಠಗಳಿಗೆ ಬೇರೆ ಬೇರೆ ಸಭಾಂಗಣ, ಕಡತಗಳಿಗೆ ಜಾಗ, ಜನರಿಗೆ ಕೂರಲು ಎಡೆ ದೊರೆತವು. ಶಾಸನಸಭೆಯ ಎದುರಿಗೇ ಪ್ರಶ್ನೆ ಕೇಳುವ ಮನೆಯೊಂದು ನಿಂತದ್ದರಲ್ಲಿ ಸಾಂಕೇತಿಕವಾದ ಔಚಿತ್ಯವೂ ಇದೆ.

ಆದರೆ ಮುಂಡಗೋಡ ಅಥವಾ ಜೊಯಿಡಾದಿಂದ ಬರುವವನಿಗೆ ಸೌಧದ ಅಂದಕ್ಕಿಂತ ಅದರ ದೂರ ದೊಡ್ಡದು. ಕೆಲವು ನಿಮಿಷಗಳ ವಿಚಾರಣೆಗಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಪ್ರಯಾಣ, ಎರಡು ದಿನದ ಕೂಲಿ ನಷ್ಟ. ಮುಂದೂಡಿಕೆಯಾದರೆ ಮತ್ತೊಮ್ಮೆ ಅಷ್ಟೇ. ಕಲಬುರಗಿ ಮತ್ತು ಬೆಳಗಾವಿಗಳಲ್ಲಿ ಪೀಠಗಳು ಆರಂಭವಾದದ್ದು ಈ ಕಾರಣದಿಂದ ಆಯೋಗದ ಬೆಳವಣಿಗೆಯಲ್ಲಿ ಕಟ್ಟಡಕ್ಕಿಂತ ದೊಡ್ಡ ಘಟ್ಟ. ಕೋವಿಡ್ ಕಾಲದಲ್ಲಿ ಅನಿವಾರ್ಯವಾಗಿ ಬಂದ ದೂರವಾಣಿ, ವಿಡಿಯೊ ವಿಚಾರಣೆಗಳೂ ದೂರವನ್ನು ಇನ್ನಷ್ಟು ಇಳಿಸಿದವು.

ಗುರಿಗಳ ಬದಲಾವಣೆ (2019–2025)

2019ರ ತಿದ್ದುಪಡಿಯು ಆಯುಕ್ತರ ಐದು ವರ್ಷಗಳ ನಿಗದಿತ ಅವಧಿಯನ್ನೂ ವೇತನದ ಸ್ಥಾನಮಾನವನ್ನೂ ಕೇಂದ್ರ ಸರ್ಕಾರದ ನಿಯಮಗಳಿಗೆ ಬಿಟ್ಟಿತು. ಹೊಸ ನಿಯಮದಂತೆ ಅವಧಿ ಮೂರು ವರ್ಷಕ್ಕಿಳಿಯಿತು. ಅದೇ ವರ್ಷ ಸುಪ್ರೀಂ ಕೋರ್ಟು ಅಂಜಲಿ ಭಾರದ್ವಾಜ್ ಪ್ರಕರಣದಲ್ಲಿ ಖಾಲಿ ಸ್ಥಾನಗಳನ್ನು ಸಕಾಲದಲ್ಲಿ ತುಂಬಬೇಕೆಂದು ಕೇಂದ್ರಕ್ಕೂ ರಾಜ್ಯಗಳಿಗೂ ತಾಕೀತು ಮಾಡಿತು. ಅವಧಿ ಚಿಕ್ಕದಾದಷ್ಟೂ ಖಾಲಿ ಬೀಳುವುದು ಹೆಚ್ಚು. ಖಾಲಿ ಬಿದ್ದಷ್ಟೂ ಮೇಲ್ಮನವಿಗಳ ರಾಶಿ ಏರುತ್ತದೆ. ಕರ್ನಾಟಕದ ಆಯೋಗದಲ್ಲಿ ಬಾಕಿ ಪ್ರಕರಣಗಳು ಹತ್ತಾರು ಸಾವಿರಕ್ಕೆ ಮುಟ್ಟಿದ್ದು ಮುಚ್ಚಿಡುವ ಸಂಗತಿಯಲ್ಲ. ಒಬ್ಬನೇ ನೂರಾರು ಅರ್ಜಿ ಹಾಕುವುದು ಇದಕ್ಕೆ ಕಾರಣವೆಂದು ಅಧಿಕಾರಿಗಳು, ಸ್ವಯಂಪ್ರೇರಿತ ಪ್ರಕಟಣೆ ಆಗದಿರುವುದೇ ಕಾರಣವೆಂದು ಕಾರ್ಯಕರ್ತರು ವಾದಿಸುತ್ತಾರೆ. ಅರ್ಜಿಯನ್ನು ದಂಧೆ ಮಾಡಿಕೊಂಡವರು ಇದ್ದಾರೆಂಬುದು ನಿಜ. ಆದರೆ ಪ್ರಕಟವಾಗಿರುವ ಮಾಹಿತಿಗೆ ಬೆಲೆ ಕಟ್ಟಿ ಮಾರಲು ಯಾರಿಗೂ ಆಗದು ಎಂಬುದನ್ನು ನೆನೆದರೆ ಎರಡನೆಯ ವಾದವೇ ಗಟ್ಟಿ.

ಈ ವಾದಕ್ಕೆ ಸರ್ಕಾರವೂ ಒಂದು ಬಗೆಯಲ್ಲಿ ಒಪ್ಪಿಗೆ ಕೊಟ್ಟಿತು. ರಾಜಸ್ಥಾನದಲ್ಲಿ 2019ರಲ್ಲಿ ತೆರೆದ ಜನ ಸೂಚನಾ ಜಾಲತಾಣದ ಮಾದರಿಯಲ್ಲಿ ಕರ್ನಾಟಕದಲ್ಲಿ ‘ಮಾಹಿತಿ ಕಣಜ’ ಆರಂಭವಾಗಿ, ಪಡಿತರ, ಪಿಂಚಣಿ, ಉದ್ಯೋಗ ಖಾತರಿ, ಬೆಳೆ ಪರಿಹಾರ ಮುಂತಾದ ಇಲಾಖಾ ವಿವರಗಳನ್ನು ಊರುವಾರು ನೋಡುವ ದಾರಿ ತೆರೆಯಿತು. ಆದರೆ ಅತ್ತ ಸಂಸತ್ತಿನ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ 44(3)ನೆಯ ಕಲಮು ಮಾಹಿತಿ ಹಕ್ಕಿನ 8(1)(ಜೆ) ವಿನಾಯಿತಿಯನ್ನು ಹಿಗ್ಗಿಸಿ, ವೈಯಕ್ತಿಕ ಮಾಹಿತಿಯೆಲ್ಲವನ್ನೂ ತಡೆಹಿಡಿಯಲು ಅವಕಾಶ ಕೊಡುವ ರೂಪಕ್ಕೆ ತಂದಿದೆ. ಹಾಜರಿಪಟ್ಟಿಯೂ ಫಲಾನುಭವಿ ಪಟ್ಟಿಯೂ ಹೆಸರುಗಳಿಂದಲೇ ಆದವು. ಹೆಸರಿಲ್ಲದ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಪ್ರಯೋಜನವಿಲ್ಲ. ಹೆಚ್ಚಿನ ಸಾರ್ವಜನಿಕ ಹಿತವಿದ್ದರೆ ವಿನಾಯಿತಿಯಿದ್ದರೂ ಮಾಹಿತಿ ಕೊಡಬಹುದೆನ್ನುವ 8(2)ನೆಯ ಕಲಮು ಇನ್ನೂ ಉಳಿದಿರುವುದರಿಂದ, ಅದನ್ನು ಎಷ್ಟು ಧಾರಾಳವಾಗಿ ಓದುತ್ತದೆ ಎಂಬುದರ ಮೇಲೆ ಆಯೋಗದ ಮೂರನೆಯ ದಶಕದ ಯೋಗ್ಯತೆ ತೀರ್ಮಾನವಾಗಲಿದೆ.

2025ಕ್ಕೆ ಇಪ್ಪತ್ತು ವರ್ಷ ತುಂಬಿದ ಆಯೋಗದ ಮೊದಲ ವರ್ಷದ ಕಡತಗಳಿಗೂ ಈಗ 8(3)ನೆಯ ಕಲಮು ಅನ್ವಯಿಸುತ್ತದೆ. ಆ ಆದೇಶಗಳನ್ನು ವಿಷಯವಾರು, ತಾಲ್ಲೂಕುವಾರು ಕನ್ನಡದಲ್ಲಿ ಸೂಚೀಕರಿಸಿ, ಒಂದು ಪ್ರತಿಯನ್ನು ರಾಜ್ಯ ಪತ್ರಾಗಾರಕ್ಕೂ ಒಂದು ಪ್ರತಿಯನ್ನು ಪ್ರತಿ ತಾಲ್ಲೂಕು ಗ್ರಂಥಾಲಯಕ್ಕೂ ಆಯೋಗ ಕೊಡಬೇಕು. ಉತ್ತರ ಕನ್ನಡ ಜಿಲ್ಲೆಯ 1930ಕ್ಕೆ ಹಿಂದಿನ ಅರಣ್ಯ ಮತ್ತು ಕಂದಾಯ ದಾಖಲೆಗಳ ಪಟ್ಟಿಯನ್ನು ಮುಂಬೈ, ಚೆನ್ನೈ ಪತ್ರಾಗಾರಗಳಿಂದ ತರಿಸಿ ಮುಂಡಗೋಡ, ಹಳಿಯಾಳ, ಜೊಯಿಡಾ, ದಾಂಡೇಲಿ ತಾಲ್ಲೂಕು ಕಚೇರಿಗಳ ಸೂಚನಾ ಫಲಕದಲ್ಲಿ ಹಾಕಿಸಲು 25(5)ನೆಯ ಕಲಮಿನ ಶಿಫಾರಸು ಅಧಿಕಾರವನ್ನು ಅದು ಬಳಸಬೇಕು.